ಆಸ್ಪತ್ರೆಯ ಬಿಲ್ಲು, ಮೆಕ್ಕೆಜೋಳದ ಲೆಕ್ಕ

ಹೆರಿಗೆಯನ್ನು ಬಿಟ್ಟು ಬೇರೆ ಕಾಯಿಲೆಗೆಂದು ಹಳ್ಳಿಯ ರೋಗಿಯೊಬ್ಬರು ಖಾಸಗಿ ಆಸ್ಪತ್ರೆಗೆ ಒಮ್ಮೆ ದಾಖಲಾದರೆ ದೇಶದಲ್ಲಿ ಸರಾಸರಿ 27,347 ರೂಪಾಯಿ ವೈದ್ಯಕೀಯ ಖರ್ಚು ಬರುತ್ತದೆ ಎಂದು 2017–18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು ದಾಖಲಿಸಿತು. ಸರ್ಕಾರಿ ಆಸ್ಪತ್ರೆಯಲ್ಲಾದರೆ ಅದು 4,290 ರೂಪಾಯಿ. ಆ ವರ್ಷ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 1,425 ರೂಪಾಯಿ. ಅಂದರೆ ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ರೈತ ಕುಟುಂಬವೊಂದು ಖಾಸಗಿ ಆಸ್ಪತ್ರೆಯ ಒಂದು ಬಿಲ್ಲಿಗೆ ಸುಮಾರು 19 ಕ್ವಿಂಟಲ್ ಮೆಕ್ಕೆಜೋಳ ಮಾರಬೇಕಿತ್ತು. ಸರ್ಕಾರಿ ಆಸ್ಪತ್ರೆಗೆ 3 ಕ್ವಿಂಟಲ್. ಅದೂ ಬೆಂಬಲ ಬೆಲೆ ಕೈಗೆ ಸಿಕ್ಕರೆ. ಸುಗ್ಗಿಯಲ್ಲಿ ಮಾಲೆಲ್ಲ ಒಮ್ಮೆಲೇ ಎಪಿಎಂಸಿಗೆ ಬಂದಾಗ ದರ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಮೀನಿಲ್ಲದವರ ಲೆಕ್ಕ ಇನ್ನೂ ಕಠಿಣ. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 236 ರೂಪಾಯಿ ಇತ್ತು. ವರ್ಷದ ನೂರು ದಿನವೂ ಕೆಲಸ ಸಿಕ್ಕಿ, ಅದರಲ್ಲಿ ಒಂದು ಪೈಸೆಯನ್ನೂ ಊಟಕ್ಕೆ ಖರ್ಚು ಮಾಡದೆ ಇಟ್ಟರೂ ಕೂಡುವುದು 23,600. ಖಾಸಗಿ ಆಸ್ಪತ್ರೆಯ ಒಂದು ಸರಾಸರಿ ಬಿಲ್ಲಿಗೆ ಅದು ಸಾಲುತ್ತಿರಲಿಲ್ಲ.

ಆರೋಗ್ಯ ವೆಚ್ಚ ಏರುತ್ತಿದೆ ಎಂದಾಗ ನಮ್ಮ ಚರ್ಚೆಯೆಲ್ಲ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತುಬಿಡುತ್ತದೆ. ಬಿಲ್ಲು ಎಷ್ಟಾಯಿತು, ಕಾರ್ಡು ನಡೆಯಿತೇ, ಎಷ್ಟು ಬಿಟ್ಟುಕೊಟ್ಟರು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಆ ವೆಚ್ಚದ ಆರ್ಥಿಕ ಪರಿಣಾಮ ಕಾಣಿಸಿಕೊಳ್ಳುವುದು ರೋಗಿ ಗುಣವಾಗಿಯೋ ಆಗದೆಯೋ ಊರಿಗೆ ಮರಳಿದ ಮುಂದಿನ ಎರಡು ಮೂರು ವರ್ಷಗಳಲ್ಲಿ, ಹೊಲದಲ್ಲಿ, ಹಟ್ಟಿಯಲ್ಲಿ, ಮಂಡಿಯಲ್ಲಿ, ಮಗಳ ಕಾಲೇಜಿನ ಫೀಸಿನಲ್ಲಿ. ಈ ಪರಿಣಾಮ ಯಾವ ಸರ್ಕಾರಿ ಲೆಕ್ಕಪತ್ರಕ್ಕೂ ಪೂರ್ತಿಯಾಗಿ ಸೇರುವುದಿಲ್ಲ. ದಾವಣಗೆರೆ–ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಅದನ್ನು ಸೇರಿಸದೆ ಆರೋಗ್ಯ ನೀತಿಯನ್ನು ಅಳೆಯುವುದು ತಪ್ಪು ಎಂಬುದು ನನ್ನ ವಾದ.

ಮೊದಲು ದೇಶದ ಅಂಕಿಗಳನ್ನು ನೋಡೋಣ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2021–22ರಲ್ಲಿ ಭಾರತ ಆರೋಗ್ಯಕ್ಕೆ ಮಾಡಿದ ಒಟ್ಟು ವೆಚ್ಚ ಸುಮಾರು 9.04 ಲಕ್ಷ ಕೋಟಿ ರೂಪಾಯಿ, ಅಂದರೆ ಜಿಡಿಪಿಯ ಶೇ 3.83. ಈ ವೆಚ್ಚದಲ್ಲಿ ಜನ ನೇರವಾಗಿ ತಮ್ಮ ಜೇಬಿನಿಂದ ತೆತ್ತ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ, ಸರ್ಕಾರದ ಪಾಲು ಶೇ 28.6ರಿಂದ ಶೇ 48ಕ್ಕೆ ಏರಿದೆ. ಇದು ನಿಜವಾದ ಬದಲಾವಣೆ, ಅದನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ಶೇಕಡಾವಾರು ಲೆಕ್ಕವನ್ನು ರೂಪಾಯಿಗೆ ತಿರುಗಿಸಿದರೆ ಚಿತ್ರ ಸ್ವಲ್ಪ ಬೇರೆಯಾಗುತ್ತದೆ. ಇದೇ ಅವಧಿಯಲ್ಲಿ ತಲಾವಾರು ಜೇಬಿನ ಖರ್ಚು ಸುಮಾರು 2,336 ರೂಪಾಯಿಯಿಂದ 2,600 ರೂಪಾಯಿಗೆ ಬಂದಿದೆ. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಹೊರೆ ಕಡಿಮೆಯಾಗಿದೆ ಎಂದೇ ಹೇಳಬೇಕು, ಆದರೆ ಪಾಲು ಕುಸಿದಷ್ಟು ವೇಗದಲ್ಲಿ ಅಲ್ಲ. ಇನ್ನೂ ಎರಡು ಸಂಗತಿಗಳನ್ನು ಗಮನದಲ್ಲಿಡಬೇಕು. 2021–22 ಕೋವಿಡ್ ಲಸಿಕೆಯ ವರ್ಷ, ಸರ್ಕಾರದ ವೆಚ್ಚ ಸಹಜವಾಗಿಯೇ ಹಿಗ್ಗಿದ್ದ ಕಾಲ. ಎರಡನೆಯದಾಗಿ, ಜೇಬಿನ ಖರ್ಚಿನ ಅಂದಾಜಿಗೆ ಆಧಾರವಾಗಿರುವುದು ಕೋವಿಡ್‌ಗೆ ಮುಂಚಿನ ಅದೇ 75ನೇ ಸುತ್ತಿನ ಸಮೀಕ್ಷೆ.

ಸರಾಸರಿಯ ದೊಡ್ಡ ತೊಂದರೆ ಬೇರೆ ಇದೆ. ವರ್ಷಕ್ಕೆ ತಲಾ 2,600 ರೂಪಾಯಿ ಎಂದರೆ ನಾಲ್ಕು ಜನರ ಮನೆಗೆ 10,400 ರೂಪಾಯಿ; ಇದು ಸಮನಾಗಿ ಹಂಚಿ ಬಂದರೆ ಹೇಗೋ ನಿಭಾಯಿಸಬಹುದಾದ ಮೊತ್ತ. ಕಾಯಿಲೆ ಹಾಗೆ ಹಂಚಿಕೊಂಡು ಬರುವುದಿಲ್ಲ. ಒಂಬತ್ತು ಮನೆಗಳನ್ನು ಬಿಟ್ಟು ಹತ್ತನೆಯ ಮನೆಯ ಮೇಲೆ ಒಂದೇ ವಾರದಲ್ಲಿ ಲಕ್ಷ ರೂಪಾಯಿಯ ಭಾರ ಬೀಳುತ್ತದೆ, ಅದೂ ದುಡಿಯುವವರೇ ಹಾಸಿಗೆ ಹಿಡಿದ ವಾರದಲ್ಲಿ.

ಆ ಹಣ ಎಲ್ಲಿಂದ ಬರುತ್ತದೆ? ಗ್ರಾಮೀಣ ಕುಟುಂಬಗಳು ಆಸ್ಪತ್ರೆ ಖರ್ಚಿಗೆ ಶೇ 79.5ರಷ್ಟು ಪ್ರಕರಣಗಳಲ್ಲಿ ಮುಖ್ಯವಾಗಿ ಆದಾಯ ಅಥವಾ ಉಳಿತಾಯವನ್ನೂ ಶೇ 13.4ರಷ್ಟು ಪ್ರಕರಣಗಳಲ್ಲಿ ಸಾಲವನ್ನೂ ನೆಚ್ಚಿಕೊಂಡಿದ್ದವು ಎಂದು 75ನೇ ಸುತ್ತು ಹೇಳುತ್ತದೆ. ಹೆಚ್ಚಿನವರು ಉಳಿತಾಯದಿಂದ ಕಟ್ಟಿದ್ದಾರೆ ಎಂದು ಓದಿದರೆ ಸಮಾಧಾನವಾಗಬಹುದು. ಆದರೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರಿನ ಒಣಭೂಮಿಯಲ್ಲಿ ಉಳಿತಾಯ ಎಂದರೆ ಏನು? ಮುಂದಿನ ಮುಂಗಾರಿಗೆಂದು ತೆಗೆದಿಟ್ಟ ಬೀಜ–ಗೊಬ್ಬರದ ದುಡ್ಡು, ಹಟ್ಟಿಯ ಕುರಿ, ಹೆಂಡತಿಯ ಕೊರಳಿನ ಸರ. ಬೀಜ–ಗೊಬ್ಬರದ ದುಡ್ಡು ಆಸ್ಪತ್ರೆಗೆ ಹೋದ ವರ್ಷ ಶೇಂಗಾ ಬಿತ್ತುವ ಜಮೀನು ಅರ್ಧ ಬೀಳು ಬೀಳುತ್ತದೆ, ಇಲ್ಲವೇ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸಬೇಕಾಗುತ್ತದೆ. ಮರಿ ಹಾಕುವ ಕುರಿಗಳನ್ನು ಮಾರಿದರೆ ಹೋಗುವುದು ಅವುಗಳ ಇಂದಿನ ಬೆಲೆ ಮಾತ್ರವಲ್ಲ, ಮುಂದಿನ ವರ್ಷಗಳ ಮರಿಗಳೂ ಹೋಗುತ್ತವೆ. ಹಟ್ಟಿಯಲ್ಲಿ ಮತ್ತೆ ಅಷ್ಟೇ ಕುರಿ ಕೂಡುವುದಕ್ಕೆ ಎರಡು ಮೂರು ಒಳ್ಳೆಯ ಮಳೆಗಾಲ ಬೇಕು. ಬೀಜ–ಗೊಬ್ಬರದ ಆ ದುಡ್ಡು ಸಮೀಕ್ಷೆಯ ಪಟ್ಟಿಯಲ್ಲಿ ಉಳಿತಾಯದ ಕಾಲಮ್ಮಿನಲ್ಲೇ ಬೀಳುತ್ತದೆ.

ಸಾಲದ ಕಡೆ ಬಂದರೆ ವಿಷಯ ಇನ್ನಷ್ಟು ಸೂಕ್ಷ್ಮ. ಕೈಗಡ ಸಿಗುವಷ್ಟು ದಿನ ಕೈಗಡ, ಆಮೇಲೆ ಬಂಗಾರದ ಗಿರವಿ, ಸಂಘದ ಸಾಲ, ಕೊನೆಗೆ ಮಂಡಿ. ದಾವಣಗೆರೆಯ ದಲ್ಲಾಳಿ ಅಂಗಡಿಯಲ್ಲಿ ರೈತನಿಗೆ ಮುಂಗಡ ಸಿಗುವುದು ಹೊಸತೇನಲ್ಲ, ಆಪತ್ತಿನಲ್ಲಿ ಅದು ದೊಡ್ಡ ಆಸರೆಯೂ ಹೌದು. ಯಾವ ಬ್ಯಾಂಕೂ ರಾತ್ರಿ ಒಂಬತ್ತಕ್ಕೆ ಹಣ ಎಣಿಸಿಕೊಡುವುದಿಲ್ಲ. ಆದರೆ "ಮಾಲು ಮಾತ್ರ ನಮ್ಮ ಅಂಗಡಿಗೇ ಬರಬೇಕಪ್ಪಾ" ಎಂಬ ಒಂದು ಮಾತು ಆ ಹಣದ ಜೊತೆಗೇ ಬರುತ್ತದೆ. ಆ ಮಾತಿಗೆ ಒಪ್ಪಿದ ರೈತ ಸುಗ್ಗಿಯಲ್ಲಿ ದರ ಬಿದ್ದಾಗ ಮಾಲನ್ನು ತಡೆಹಿಡಿದು ಕಾಯಲಾರ, ಬೇರೆ ಖರೀದಿದಾರರನ್ನು ಹುಡುಕಲಾರ. ಚನ್ನಗಿರಿಯ ಅಡಿಕೆ ಸೀಮೆಯಲ್ಲಿ ಇದರ ರೂಪ ಖೇಣಿ. ಮರದ ಮೇಲಿನ ಫಸಲನ್ನು ಕೊಯ್ಲಿಗೆ ಮುಂಚೆಯೇ ಖೇಣಿದಾರರಿಗೆ ಬಿಟ್ಟುಕೊಡುವ ಪದ್ಧತಿ ಅಲ್ಲಿ ಸಾಮಾನ್ಯ, ಆದರೆ ಆಸ್ಪತ್ರೆಯಿಂದ ಫೋನ್ ಬಂದ ದಿನ ಖೇಣಿ ಕೊಡುವವನಿಗೂ ನಿರುಮ್ಮಳವಾಗಿ ಕೂತು ಚೌಕಾಸಿ ಮಾಡುವವನಿಗೂ ಸಿಗುವ ದರ ಒಂದೇ ಆಗಿರುವುದಿಲ್ಲ. ಹೀಗೆ ಚಿಕಿತ್ಸೆಯ ವೆಚ್ಚ ಬೆಳೆಯ ಬೆಲೆಯೊಳಗೆ ಇಳಿಯುತ್ತದೆ. ಕಾಗದದ ಮೇಲೆ ಅದು ಕೃಷಿ ನಷ್ಟದಂತೆ ಕಾಣುತ್ತದೆ, ಮೂಲದಲ್ಲಿ ಅದು ಆಸ್ಪತ್ರೆಯ ಬಿಲ್ಲು.

ವಾರದ ಕಂತಿನ ಸಾಲದ ಕಿರುಕುಳ ಹೆಚ್ಚಾದಾಗ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಮೈಕ್ರೋ ಫೈನಾನ್ಸ್ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ಅದು ಅಗತ್ಯವಿತ್ತು. ಆದರೆ ವಸೂಲಿಯ ಕ್ರಮವನ್ನು ತಿದ್ದಿದರೂ ಸಾಲ ಮಾಡಿಸಿದ ಕಾರಣ ಹಾಗೆಯೇ ಉಳಿಯುತ್ತದೆ. ಆ ಕಾರಣಗಳಲ್ಲಿ ಕಾಯಿಲೆಗೆ ದೊಡ್ಡ ಜಾಗವಿದೆ ಎಂಬುದನ್ನು ಸಂಘಗಳ ಸಭೆಯಲ್ಲಿ ಒಮ್ಮೆ ಕೂತು ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಬಿಲ್ಲಿನಲ್ಲಿ ನಮೂದಾಗದ ಇನ್ನೊಂದು ವೆಚ್ಚವೂ ಇದೆ. ರೋಗಿಯ ಜೊತೆ ಒಬ್ಬರು ಇರಲೇಬೇಕು. ಬಹುಪಾಲು ಅದು ಹೆಂಡತಿ, ತಾಯಿ, ಇಲ್ಲವೇ ಮಗಳು. ಅವರ ಕೂಲಿ ನಿಂತುಹೋಗುತ್ತದೆ, ಹಾಲು ಕರೆಯುವ ಎಮ್ಮೆ ಪಕ್ಕದ ಮನೆಯವರ ದಯೆಯಲ್ಲಿರುತ್ತದೆ. ಪಾರ್ಶ್ವವಾಯುವಿನಂಥ ಕಾಯಿಲೆಯಾದರೆ ಡಿಸ್ಚಾರ್ಜ್ ಆದ ಮೇಲೂ ತಿಂಗಳುಗಟ್ಟಲೆ ಒಬ್ಬರು ಮನೆಯಲ್ಲೇ ಕೂರಬೇಕು. ಪದವಿ ಓದುತ್ತಿರುವ ಮಗಳಿದ್ದರೆ ಆ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂದು ಕೇಳುವ ಅಗತ್ಯವಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಮಾನವ ಬಂಡವಾಳದ ನಷ್ಟ ಎನ್ನುತ್ತಾರೆ. ಅದು ಮುಂದಿನ ಮೂವತ್ತು ವರ್ಷಗಳ ಸಂಬಳದಲ್ಲಿ ಕಳೆದುಹೋಗುವ ಮೊತ್ತ.

ಇದರ ಇನ್ನೊಂದು ಮುಖವನ್ನೂ ನ್ಯಾಯವಾಗಿ ಹೇಳಬೇಕು. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆ ಇಂದು ಬಹುಮಟ್ಟಿಗೆ ಶಾಲೆ–ಕಾಲೇಜು, ಆಸ್ಪತ್ರೆಗಳ ಮೇಲೆ ನಿಂತ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಚಿತ್ರದುರ್ಗ, ಹಾವೇರಿ, ಬಳ್ಳಾರಿ ಸೀಮೆಯ ಹಳ್ಳಿಗಳಿಗೂ ದೊಡ್ಡ ಕಾಯಿಲೆಗೆ ದಾವಣಗೆರೆಯೇ ದಿಕ್ಕಾಯಿತು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗಳಿಗೂ ಬೆಳಗಿನ ಬಸ್ಸಿನಲ್ಲಿ ಬಂದಿಳಿಯುವ ಜನರ ಮೇಲೆ ಮೆಡಿಕಲ್ ಶಾಪು, ಲ್ಯಾಬು, ಲಾಡ್ಜು, ಖಾನಾವಳಿ, ಆಟೋದವರ ಬದುಕು ನಡೆಯುತ್ತದೆ. ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದ ಹಳ್ಳಿಯ ಹುಡುಗಿಯರಿಗೆ ಊರ ಹತ್ತಿರವೇ ಕೆಲಸ ಸಿಕ್ಕಿದ್ದು ಈ ಕ್ಷೇತ್ರದಿಂದ. ಜಿಡಿಪಿಯ ಲೆಕ್ಕದಲ್ಲಿ ಪ್ರತಿ ಬಿಲ್ಲೂ ಬೆಳವಣಿಗೆಯೇ. ಆದರೆ ನಗರದಲ್ಲಿ ಕೂಡಿಕೆಯಾದ ಆ ಹಣ ಹಳ್ಳಿಯಲ್ಲಿ ಕಳೆದು ಬಂದದ್ದು. ಅದರಲ್ಲೂ ಒಂದು ದೊಡ್ಡ ಪಾಲು ಔಷಧ ಕಂಪನಿಗೆ, ಹೊರದೇಶದಿಂದ ತರಿಸಿದ ಸ್ಕ್ಯಾನಿಂಗ್ ಯಂತ್ರದ ಸಾಲದ ಕಂತಿಗೆ ಹೋಗುತ್ತದೆ, ದಾವಣಗೆರೆಯಲ್ಲೂ ಉಳಿಯುವುದಿಲ್ಲ. ಕುಟುಂಬವೊಂದು ಕೊಳವೆಬಾವಿ ಕೊರೆಸಿದ್ದರೂ ಜಿಡಿಪಿಗೆ ಅಷ್ಟೇ ಮೊತ್ತ ಸೇರುತ್ತಿತ್ತು, ನೀರು ಸಿಕ್ಕಿದ್ದರೆ ಮುಂದಿನ ವರ್ಷ ಬೆಳೆಯೂ ಬರುತ್ತಿತ್ತು.

ವೆಚ್ಚ ಏಕೆ ಏರುತ್ತಲೇ ಹೋಗುತ್ತದೆ ಎಂಬುದಕ್ಕೆ ವೈದ್ಯರ ದುರಾಸೆಯೊಂದನ್ನೇ ಕಾರಣ ಮಾಡುವುದು ಸುಲಭ, ಅದು ಪೂರ್ಣ ಉತ್ತರವಲ್ಲ. ವಿಲಿಯಂ ಬೌಮಾಲ್ ಎಂಬ ಅರ್ಥಶಾಸ್ತ್ರಜ್ಞರು 1960ರ ದಶಕದಲ್ಲಿ ಗುರುತಿಸಿದ ಒಂದು ತತ್ತ್ವ ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ಮೆಕ್ಕೆಜೋಳ ಒಕ್ಕುವ ಯಂತ್ರ ಬಂದ ಮೇಲೆ ಹತ್ತಾರು ಆಳಿನ ಕೆಲಸವನ್ನು ಮೂರ್ನಾಲ್ಕು ಜನ ಮುಗಿಸುತ್ತಾರೆ, ಹಾಗಾಗಿ ಕೂಲಿ ಹೆಚ್ಚಾದರೂ ಕ್ವಿಂಟಲಿಗೆ ಬೀಳುವ ಖರ್ಚು ಹಿಡಿತದಲ್ಲಿರುತ್ತದೆ. ಡಯಾಲಿಸಿಸ್ ಹಾಗಲ್ಲ. ಯಂತ್ರ ಎಷ್ಟೇ ಹೊಸದಾದರೂ ಒಬ್ಬ ರೋಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಮಲಗಲೇಬೇಕು, ತರಬೇತಿ ಪಡೆದ ಒಬ್ಬರು ಪಕ್ಕದಲ್ಲಿ ಇರಲೇಬೇಕು. ಬೇರೆ ಕ್ಷೇತ್ರಗಳಲ್ಲಿ ಸಂಬಳ ಏರಿದಂತೆ ಅವರ ಸಂಬಳವೂ ಏರಬೇಕು, ಇಲ್ಲದಿದ್ದರೆ ಅವರು ಆ ಕೆಲಸದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಶುಶ್ರೂಷೆಯ ವೆಚ್ಚ ಉಳಿದ ಬೆಲೆಗಳಿಗಿಂತ ವೇಗವಾಗಿ ಏರುವುದು ಸಹಜ ಗತಿ. ಇದರ ಮೇಲೆ ಕಾಯಿಲೆಯ ಸ್ವರೂಪವೂ ಬದಲಾಗಿದೆ. ಹತ್ತು ದಿನಕ್ಕೆ ಬಿಟ್ಟುಹೋಗುತ್ತಿದ್ದ ಜ್ವರದ ಜಾಗದಲ್ಲಿ ಜೀವನಪೂರ್ತಿ ಮಾತ್ರೆ ಬೇಡುವ ಬಿ.ಪಿ., ಶುಗರ್ ಬಂದು ಕೂತಿವೆ. ಚಿತ್ರದುರ್ಗ ಜಿಲ್ಲೆಯಲ್ಲಿ ಕೊಳವೆಬಾವಿ ಆಳಕ್ಕಿಳಿದಂತೆ ನೀರಿನ ಫ್ಲೋರೈಡ್ ತಂದಿಟ್ಟ ಮೂಳೆ–ಕೀಲಿನ ನೋವು ಬೇರೆ. ಅದರ ಖರ್ಚು ಆರೋಗ್ಯ ಇಲಾಖೆಯ ಬಾಬ್ತಿನಲ್ಲಿ ಕಾಣುತ್ತದೆ, ಪರಿಹಾರ ಇರುವುದು ಕುಡಿಯುವ ನೀರಿನ ಯೋಜನೆಯಲ್ಲಿ.

ಇನ್ನು ಸಹಜವಲ್ಲದ ಏರಿಕೆಯೂ ಇದೆ. ಕೊಳ್ಳುವವರಿಗೆ ತಾವು ಏನು ಕೊಳ್ಳುತ್ತಿದ್ದೇವೆ, ಅದು ಬೇಕೇ ಬೇಡವೇ ಎಂಬುದೇ ತಿಳಿಯದ ಸಂತೆ ಇದೊಂದೇ. ಹೃದಯದ ಸ್ಟೆಂಟಿನ ಉದಾಹರಣೆ ಸಾಕು. 2017ರ ಫೆಬ್ರವರಿಯಲ್ಲಿ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಮಿತಿ ಹಾಕುವವರೆಗೆ ಔಷಧ ಲೇಪಿತ ಸ್ಟೆಂಟಿನ ಸರಾಸರಿ ಮಾರಾಟ ಬೆಲೆ ಲಕ್ಷ ರೂಪಾಯಿಯನ್ನು ದಾಟಿತ್ತು. ಮಿತಿ ಹಾಕಿದಾಗ ಅದು 29,600 ರೂಪಾಯಿಗೆ ಇಳಿಯಿತು. ವಸ್ತು ಅದೇ, ರೋಗವೂ ಅದೇ. ಮಾತ್ರೆಗಳ ವಿಷಯದಲ್ಲಿ ಹಿಡಿತ ಅಷ್ಟು ಬಿಗಿಯಾಗಿಲ್ಲ. ಅಗತ್ಯ ಔಷಧಗಳ ಪಟ್ಟಿಯಲ್ಲಿರುವವುಗಳ ಗರಿಷ್ಠ ಬೆಲೆ ಸಗಟು ಬೆಲೆ ಸೂಚ್ಯಂಕದ ಜೊತೆ ಏರುತ್ತದೆ, 2022ರ ಏಪ್ರಿಲ್‌ನಲ್ಲಿ ಶೇ 10.7 ಮತ್ತು 2023ರಲ್ಲಿ ಶೇ 12.1ರಷ್ಟು ಏರಿಕೆಗೆ ಅವಕಾಶ ಸಿಕ್ಕಿತ್ತು. ಪಟ್ಟಿಯ ಹೊರಗಿನವುಗಳನ್ನು ಕಂಪನಿಗಳು ವರ್ಷಕ್ಕೆ ಶೇ 10ರವರೆಗೆ ಏರಿಸಬಹುದು.

ವಿಮೆಯಿಂದ ಉಪಯೋಗವಾಗಿದೆಯೇ? ಆಗಿದೆ, ಮತ್ತು ಅದಕ್ಕೆ ನಮ್ಮ ಹತ್ತಿರದಲ್ಲೇ ಬಲವಾದ ಸಾಕ್ಷಿ ಇದೆ. ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಉಚಿತ ಚಿಕಿತ್ಸೆ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ, ಆಮೇಲೆ ಬೆಳಗಾವಿ ವಿಭಾಗದಲ್ಲಿ ಜಾರಿಗೆ ಬಂತು. ಬೆಂಗಳೂರು ವಿಭಾಗಕ್ಕೆ ಸೇರಿದ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು ಆಗ ಕಾಯುವವರ ಸಾಲಿನಲ್ಲಿದ್ದವು. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನ ಕಾರ್ಡಿಗೆ ಈ ಯೋಜನೆಯಡಿ ಸಿಗುತ್ತಿದ್ದ ಹೃದಯ ಶಸ್ತ್ರಚಿಕಿತ್ಸೆ ಈಚೆ ದಡದ ಹರಿಹರದ ಕಾರ್ಡಿಗೆ ಸಿಗುತ್ತಿರಲಿಲ್ಲ. ಹೀಗೆ ಗಡಿಯ ಎರಡೂ ಬದಿಯ ಒಟ್ಟು 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ದೊಡ್ಡ ಆಸ್ಪತ್ರೆಗೆ ದಾಖಲಾದವರ ಜೇಬಿನ ಖರ್ಚು ಶೇ 34ರಷ್ಟು ಕಡಿಮೆಯಾಗಿತ್ತು, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾಗುವ ಸಾವುಗಳೂ ಗಣನೀಯವಾಗಿ ಕಡಿಮೆಯಾಗಿದ್ದವು. ವಿಮೆಯಿಂದ ಏನೂ ಆಗದು ಎನ್ನುವವರು ಈ ಫಲಿತಾಂಶವನ್ನು ಓದಬೇಕು.

ಆದರೆ ಆ ವಿಮೆ ಮುಟ್ಟದ ಜಾಗವೂ ಅಷ್ಟೇ ದೊಡ್ಡದು. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ಎಪಿಎಲ್ ಕುಟುಂಬಕ್ಕೆ ಆಯಾ ಚಿಕಿತ್ಸೆಗೆ ನಿಗದಿಯಾದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ತುರ್ತು ಪ್ರಕರಣಗಳನ್ನು ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ದಾಖಲಾಗುವವರ ಯೋಜನೆ. ದಾಖಲಾಗದೆ ಹೊರರೋಗಿಯಾಗಿ ತೋರಿಸಿಕೊಂಡು ಬರುವವರ ಕನ್ಸಲ್ಟೇಷನ್, ರಕ್ತ ಪರೀಕ್ಷೆ, ತಿಂಗಳ ಮಾತ್ರೆ ಇದರ ಹೊರಗೆ. ಸಂಜೆ ಹೊತ್ತು ದಾವಣಗೆರೆಯ ಯಾವುದೇ ಮೆಡಿಕಲ್ ಶಾಪಿನ ಮುಂದೆ ಅರ್ಧ ಗಂಟೆ ನಿಂತರೆ ಇದರ ಅರ್ಥ ತಿಳಿಯುತ್ತದೆ. ವೈದ್ಯರು ಬರೆದದ್ದು ಮೂವತ್ತು ದಿನಕ್ಕೆ. ಚೀಟಿ ನೋಡಿ ಅಂಗಡಿಯವರು ಮೊತ್ತ ಹೇಳುತ್ತಾರೆ, ಗಿರಾಕಿ ಒಂದು ಕ್ಷಣ ಸುಮ್ಮನಿದ್ದು "ಈಗ ಹತ್ತು ದಿನದ್ದು ಕೊಡ್ರಿ, ಉಳಿದದ್ದು ಆಮೇಲೆ ಒಯ್ತೀನಿ" ಎನ್ನುತ್ತಾರೆ. ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಬಿ.ಪಿ. ಮಾತ್ರೆ ಹೀಗೆ ನಡುನಡುವೆ ನಿಂತ ಮನೆಯಲ್ಲೇ ಎರಡು ಮೂರು ವರ್ಷಕ್ಕೆ ಪಾರ್ಶ್ವವಾಯುವೋ ಕಿಡ್ನಿ ವೈಫಲ್ಯವೋ ಬರುವ ಸಂಭವ ಹೆಚ್ಚು. ಆಗ ಅದೇ ವ್ಯಕ್ತಿಗೆ 5 ಲಕ್ಷದ ಯೋಜನೆ ತೆರೆದುಕೊಳ್ಳುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿ ಉಳಿಸಿ ವರ್ಷಗಟ್ಟಲೆ ಡಯಾಲಿಸಿಸ್‌ಗೆ ಹಣ ಕೊಡುವ ಈ ಏರ್ಪಾಟಿನಲ್ಲಿ ಬೊಕ್ಕಸಕ್ಕೂ ನಷ್ಟ, ಮನೆಗೂ ನಷ್ಟ.

ಸಂಘಟಿತ ವಲಯದ ಸ್ಥಿತಿ ಇದಕ್ಕಿಂತ ಉತ್ತಮ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇಎಸ್‌ಐ ಎಂಬ ನೌಕರರ ವಿಮೆ ಇದೆ. ಮಾಲೀಕರು ಶೇ 3.25, ನೌಕರರು ಶೇ 0.75 ಕಟ್ಟುತ್ತಾರೆ, ಹೊರರೋಗಿ ಚಿಕಿತ್ಸೆ ಮತ್ತು ರಜೆಯ ದಿನಗಳ ಭತ್ಯೆ ಎರಡೂ ಅದರಲ್ಲಿವೆ. ಆದರೆ ಗಿರಣಿಗಳು ಮುಚ್ಚಿದ ಊರಿನಲ್ಲಿ ಇಎಸ್‌ಐ ಕಾರ್ಡಿರುವವರು ಎಷ್ಟು ಜನ? ಮಂಡಿಯ ಹಮಾಲರು, ಬೆಂಕಿ–ಹೊಗೆಯ ನಡುವೆ ದುಡಿಯುವ ಮಂಡಕ್ಕಿ ಭಟ್ಟಿಯವರು, ಗಾರೆ ಕೆಲಸದವರು ಇವರಿಗೆಲ್ಲ ಕಾಯಿಲೆ ಬಿದ್ದ ದಿನ ಕೂಲಿಯೂ ಇಲ್ಲ, ಖರ್ಚೂ ತಪ್ಪಿದ್ದಲ್ಲ. ಅಮೆರಿಕದಲ್ಲಿ 2023ರಲ್ಲಿ ಆರೋಗ್ಯ ವೆಚ್ಚ ಜಿಡಿಪಿಯ ಶೇ 17.6 ಇತ್ತು, ಅಲ್ಲಿ ದುಡಿಯುವವರ ವಿಮೆ ಹೆಚ್ಚಾಗಿ ಕಂಪನಿಗಳ ಮೂಲಕ ಬರುವುದರಿಂದ, ಏರುವ ಪ್ರೀಮಿಯಂ ಸಂಬಳದ ಏರಿಕೆಯನ್ನು ನುಂಗುತ್ತದೆ. ನಮ್ಮಲ್ಲಿ ವೆಚ್ಚದ ಪ್ರಮಾಣ ಅದಕ್ಕಿಂತ ಬಹಳ ಸಣ್ಣದು, ಆದರೆ ಅದು ನುಂಗುವುದು ಮನೆಯ ದುಡಿಮೆಯ ಸಾಧನವನ್ನೇ. ಬಿಪಿಎಲ್ ಕಾರ್ಡಿನವರಿಗೂ ಇಎಸ್‌ಐ ಇರುವವರಿಗೂ ನಡುವೆ ಸಣ್ಣ ಅಂಗಡಿ, ಸಣ್ಣ ನೌಕರಿಯ ಒಂದು ದೊಡ್ಡ ವರ್ಗವಿದೆ. ಯಾವ ರಕ್ಷಣೆಯೂ ಇಲ್ಲದ ಇಂಥವರು ದೇಶದಲ್ಲಿ ಸುಮಾರು 40 ಕೋಟಿ ಎಂದು ನೀತಿ ಆಯೋಗ 2021ರಲ್ಲಿ ಅಂದಾಜಿಸಿತ್ತು. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ತೆಗೆದದ್ದು ಇವರಿಗೆ ಸ್ವಲ್ಪ ಅನುಕೂಲ, ಅಷ್ಟೇ.

ಸರ್ಕಾರದ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವುದು 2017ರ ರಾಷ್ಟ್ರೀಯ ಆರೋಗ್ಯ ನೀತಿಯ ಗುರಿಯಾಗಿತ್ತು. 2021–22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84 ಮುಟ್ಟಿತ್ತು. ಹೆಚ್ಚುವರಿ ಹಣ ಬಂದಾಗ ಅದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ವಿಮೆಯ ಮಿತಿಯನ್ನು ಏರಿಸುವುದಕ್ಕಿಂತ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ಕೊಠಡಿಗೆ, ತಾಲ್ಲೂಕು ಆಸ್ಪತ್ರೆಗೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ದಾರಿಯನ್ನು ತೋರಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ತಜ್ಞರ ಸಲಹೆ ಪಡೆದು, ರಕ್ತ ಹೆಪ್ಪುಗಟ್ಟಿದ್ದನ್ನು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಟ್ಟರೆ ಒಂದು ಜೀವವೂ ಉಳಿಯುತ್ತದೆ, ಆ ಮನೆಯ ಜಮೀನೂ ಉಳಿಯುತ್ತದೆ. ಬಿ.ಪಿ., ಶುಗರ್ ಮಾತ್ರೆಗಳನ್ನು ಹತ್ತು ದಿನಕ್ಕಲ್ಲ, ಪೂರ್ತಿ ಮೂವತ್ತು ದಿನಕ್ಕೆ, ಒಂದು ತಿಂಗಳೂ ತಪ್ಪದಂತೆ ಪ್ರಾಥಮಿಕ ಕೇಂದ್ರದಲ್ಲೇ ಕೊಡುವುದು ಅದಕ್ಕಿಂತಲೂ ಅಗ್ಗದ ಕೆಲಸ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕೆಂದು 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಅದನ್ನು ಜಾರಿಗೆ ತರುವುದಕ್ಕೆ ಹೊಸ ಹಣವೂ ಬೇಕಿಲ್ಲ, ಜಿಲ್ಲಾ ಮಟ್ಟದ ಪ್ರಾಧಿಕಾರ ತಪಾಸಣೆಗೆ ಹೊರಡಬೇಕು.

2023ರಲ್ಲಿ ಚಿತ್ರದುರ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿರುವುದರಿಂದ ಇನ್ನೊಂದು ಅವಕಾಶ ತೆರೆದಿದೆ. ಮೊಳಕಾಲ್ಮೂರಿನ ರೋಗಿಗೆ ಬೇಕಾದ ತಜ್ಞರು ಜಿಲ್ಲಾ ಕೇಂದ್ರದಲ್ಲೇ ಸಿಕ್ಕರೆ ಅಲ್ಲಿಂದ ಮುಂದೆ ದಾವಣಗೆರೆಗೋ ಬೆಂಗಳೂರಿಗೋ ಓಡುವುದು ತಪ್ಪುತ್ತದೆ. ಆಂಬುಲೆನ್ಸ್ ಬಾಡಿಗೆಯ ಜೊತೆಗೆ ಲಾಡ್ಜಿನ ಖರ್ಚು, ಜೊತೆಗಿರುವವರ ಕೂಲಿ, ಅವಸರಕ್ಕೆ ಮಾರುವ ಕುರಿ ಉಳಿಯುತ್ತವೆ. ಕಾಲೇಜಿನ ಬೋಧಕ ಹುದ್ದೆಗಳನ್ನೂ ಆಸ್ಪತ್ರೆಯ ನರ್ಸಿಂಗ್ ಹುದ್ದೆಗಳನ್ನೂ ಮಂಜೂರು ಮಾಡುವ ಕಡತ ಹಣಕಾಸು ಇಲಾಖೆಯ ಮೇಜಿಗೆ ಹೋದಾಗ ಸಂಬಳದ ಬಾಬ್ತು ಒಂದೇ ಅಲ್ಲಿ ಕಾಣುತ್ತದೆ. ಜಿಲ್ಲೆಯ ಮನೆಗಳು ಇಂದು ತೆರುತ್ತಿರುವ ಈ ಉಳಿದ ಮೊತ್ತವನ್ನೂ ಅದೇ ಕಡತದಲ್ಲಿ ಅಂದಾಜು ಮಾಡಿ ಪಕ್ಕದಲ್ಲಿಟ್ಟು, ಆಮೇಲೆ ಆ ಹುದ್ದೆಗಳು ದುಬಾರಿಯೋ ಅಲ್ಲವೋ ಎಂದು ತೀರ್ಮಾನಿಸಬೇಕು.